ನೀಲಿ ಉರಿಗಾಗಿ: ಗ್ಯಾಸ್ ಒಲೆಯ ಶುಚಿಯಲ್ಲಿ ನನ್ನ ಅನುಭವ

ಗ್ಯಾಸ್ ಒಲೆಯನ್ನು ಶುಚಿಯಾಗಿಡುವುದೆಂದರೆ ಅದರ ಮೇಲ್ಭಾಗವನ್ನು ಫಳಫಳ ಹೊಳೆಯುವಂತೆ ಒರೆಸುವುದೆಂದೇ ನಾನು ಬಹಳ ವರ್ಷ ನಂಬಿದ್ದೆ. ದಿನವೂ ತಪ್ಪದೆ ಒರೆಸುತ್ತಿದ್ದರೂ ಪಾತ್ರೆಗಳ ತಳ ಕಪ್ಪಾಗತೊಡಗಿದಾಗ, ದೋಷ ಪಾತ್ರೆಯದೇ ಇರಬೇಕೆಂದು ಕೆಲವು ವಾರ ತಳವನ್ನೇ ಉಜ್ಜಿ ಕೈ ನೋಯಿಸಿಕೊಂಡೆ. ಒಂದು ರಾತ್ರಿ ಅಡುಗೆಮನೆಯ ದೀಪ ಆರಿಸಿ ಉರಿಯನ್ನಷ್ಟೇ ನೋಡಿದಾಗ ಕಾರಣ ತಿಳಿಯಿತು. ಬರ್ನರಿನ ಒಂದು ಬದಿಯಲ್ಲಿ ಉರಿ ನೀಲಿಯಾಗಿ, ಚಿಕ್ಕದಾಗಿ, ಸ್ಥಿರವಾಗಿ ನಿಂತಿತ್ತು; ಇನ್ನೊಂದು ಬದಿಯಲ್ಲಿ ಏಳೆಂಟು ರಂಧ್ರಗಳು ಪೂರ್ತಿ ಮುಚ್ಚಿಹೋಗಿ, ಅವುಗಳ ಪಕ್ಕದಲ್ಲಿ ಉದ್ದನೆಯ ಹಳದಿ ನಾಲಗೆಗಳು ತೂಗಾಡುತ್ತಿದ್ದವು. ಎಂದೋ ಉಕ್ಕಿದ ಹಾಲು ಅಲ್ಲಿ ಕರಕಲಾಗಿ ಕೂತಿತ್ತು.

ಅನಿಲಕ್ಕೆ ಸಾಕಷ್ಟು ಗಾಳಿ ಬೆರೆತರೆ ಉರಿ ನೀಲಿಯಾಗಿರುತ್ತದೆ. ಗಾಳಿ ಸಾಲದೆ ಹೋದರೆ ಪೂರ್ತಿ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಬೆಳಗುತ್ತವೆ, ಅವೇ ಪಾತ್ರೆಯ ತಳಕ್ಕೆ ಮಸಿಯಾಗಿ ಅಂಟಿಕೊಳ್ಳುತ್ತವೆ. ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಇಂಥ ಉರಿಯಿಂದ ಹೆಚ್ಚಾಗಿ ಹೊರಬರುವುದರಿಂದ, ಇದು ಬರೀ ಅಂದಚಂದದ ಮಾತಲ್ಲ. (ಉಪ್ಪುನೀರು ಚೆಲ್ಲಿದಾಗ ಕ್ಷಣಕಾಲ ಹಳದಿ ಮಿಂಚುವುದು ಬೇರೆ, ಅದು ಸೋಡಿಯಂನ ಬಣ್ಣ, ತಾನಾಗಿಯೇ ಹೋಗುತ್ತದೆ.)

ತೊಳೆಯಲು ಹೊರಟ ಮೊದಲ ಸಲವೇ ಎಡವಿದೆ. ನನ್ನ ಒಲೆಯ ಒಂದು ಬರ್ನರ್ ಹಿತ್ತಾಳೆಯದು, ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡನ್ನೂ ವಾಷಿಂಗ್ ಸೋಡಾ ಕಲಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಗ್ಗೆ ನೋಡಿದರೆ ಹಿತ್ತಾಳೆಯದಕ್ಕೆ ಏನೂ ಆಗಿರಲಿಲ್ಲ. ಅಲ್ಯೂಮಿನಿಯಂ ಬರ್ನರ್ ಮಾತ್ರ ಕಪ್ಪುಗಟ್ಟಿ, ಬೆರಳಾಡಿಸಿದರೆ ಉಪ್ಪುಕಾಗದದಂತೆ ತರಿತರಿಯಾಗಿತ್ತು. ಕ್ಷಾರವು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆಯೆಂಬುದನ್ನು ನಾನು ಕಲಿತದ್ದು ಹೀಗೆ. ವಿನೆಗರಿಗೆ ಅಡುಗೆ ಸೋಡಾ ಸುರಿದು ನೊರೆ ಎಬ್ಬಿಸುವ ಉಪಾಯವನ್ನೂ ಮಾಡಿ ನೋಡಿದ್ದೇನೆ. ನೋಡಲು ಸೊಗಸಾಗಿರುತ್ತದೆ, ಆದರೆ ಆಮ್ಲವೂ ಕ್ಷಾರವೂ ಒಂದರ ಬಲವನ್ನೊಂದು ಕಳೆದುಬಿಡುವುದರಿಂದ ಕೊನೆಗೆ ಕೈಯಲ್ಲಿ ಉಳಿಯುವುದು ಬಹುಮಟ್ಟಿಗೆ ಉಪ್ಪಿನಂಶದ ನೀರು. ವಿನೆಗರಿನ ಜೊತೆ ಬ್ಲೀಚನ್ನಂತೂ ಎಂದಿಗೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ಈಗ ಗ್ಯಾಸ್ ಬಂದ್ ಮಾಡಿ, ಒಲೆ ಪೂರ್ತಿ ಆರಿದ ಮೇಲೆ, ಬರ್ನರುಗಳನ್ನು ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಮುಚ್ಚಿದ ರಂಧ್ರಗಳಿಗೆ ಗುಂಡುಸೂಜಿಯನ್ನು ಹಗುರವಾಗಿ ಆಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡುತ್ತೇನೆ. ಹಲ್ಲುಕಡ್ಡಿ ಬೇಡ, ಅದರ ತುದಿ ಮುರಿದು ಒಳಗೇ ಉಳಿದರೆ ಮೊದಲಿಗಿಂತ ಕಷ್ಟ. ಬರ್ನರಿನ ಕೆಳಗಿರುವ, ಅನಿಲ ಚಿಮ್ಮುವ ಪುಟ್ಟ ಮೂತಿಯಾದ ಜೆಟ್ಟಿಗೆ ಮಾತ್ರ ನಾನು ಸೂಜಿ ಹಾಕುವುದಿಲ್ಲ. ಅದು ಮೆದು ಹಿತ್ತಾಳೆಯದು. ಅದರ ಸಣ್ಣ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅನಿಲ ಹೆಚ್ಚು ಹರಿದು, ಯಾವ ಹಳದಿ ಉರಿಯನ್ನು ಹೋಗಲಾಡಿಸಲು ಹೊರಟಿದ್ದೆವೋ ಅದೇ ಮರಳಿ ಬರುತ್ತದೆ.

ಒಣಗಿಸುವುದರಲ್ಲಿ ಅವಸರ ಮಾಡಿ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಒದ್ದೆ ಬರ್ನರನ್ನೇ ಕೂರಿಸಿದ್ದರಿಂದ ಕಿಡಿ ಹಾರಿಸುವ ಬಿಳಿಯ ಪಿಂಗಾಣಿ ಕಡ್ಡಿಗೆ ತೇವ ತಗಲಿ, ಉರಿ ಹತ್ತಿದ ಮೇಲೂ ಅದು ಟಿಕ್ ಟಿಕ್ ಎನ್ನುವುದನ್ನು ನಿಲ್ಲಿಸಲಿಲ್ಲ. ಮರುದಿನ ತಾನಾಗಿಯೇ ಸುಮ್ಮನಾಯಿತು. ಸುರಕ್ಷಾ ವ್ಯವಸ್ಥೆಯಿರುವ ಒಲೆಗಳಲ್ಲಿ ಅದರ ಬಳಿಯೇ ಇನ್ನೊಂದು ಲೋಹದ ಕಡ್ಡಿಯಿದ್ದು, ಉರಿಯ ಬಿಸಿ ಅದಕ್ಕೆ ತಾಗುತ್ತಿರುವವರೆಗೆ ಮಾತ್ರ ಅನಿಲ ಹರಿಯುತ್ತದೆ. ನಾಬ್ ಬಿಟ್ಟೊಡನೆ ಉರಿ ಆರಿಹೋಗುತ್ತಿದ್ದ ತೊಂದರೆ ನನ್ನಲ್ಲಿ ಆ ತುದಿಯ ಮಸಿಯನ್ನು ಬಟ್ಟೆಯಿಂದ ಒರೆಸಿದಾಗಲೇ ಸರಿಹೋಯಿತು.

ಮೇಲ್ಭಾಗದ ಬಗ್ಗೆ ಹೇಳಬೇಕಾದುದು ಕಡಿಮೆ. ಸ್ಟೀಲನ್ನು ಅದರ ಗೆರೆಗಳ ದಿಕ್ಕಿನಲ್ಲೇ ಮೆದು ಬಟ್ಟೆಯಿಂದ ಒರೆಸುತ್ತೇನೆ, ತಂತಿಯ ನಾರನ್ನು ಸೋಕಿಸುವುದಿಲ್ಲ. ಗಾಜಿನದಾದರೆ ಕಾದಿರುವಾಗ ತಣ್ಣೀರು ಬೀಳದಂತೆ ನೋಡಿಕೊಳ್ಳಬೇಕು.

ಎಲ್ಲ ಮುಗಿದು ಗ್ಯಾಸ್ ತೆರೆದ ಮೇಲೆ, ಒಲೆ ಹಚ್ಚುವ ಮುನ್ನ, ರಬ್ಬರ್ ಪೈಪಿನ ಎರಡೂ ತುದಿಗಳಿಗೆ ಸೋಪಿನ ನೀರು ಸವರಿ ಒಂದು ನಿಮಿಷ ಕಾಯುತ್ತೇನೆ. ಪೈಪನ್ನು ಮೆಲ್ಲಗೆ ಬಗ್ಗಿಸಿ ಸಣ್ಣ ಬಿರುಕುಗಳಿವೆಯೇ ಎಂದೂ ನೋಡುತ್ತೇನೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರನ್ನು ಕಂಡಿದ್ದೇನೆ. ಅದು ಹುಚ್ಚು ಸಾಹಸ. ಒಮ್ಮೆ ಮಾತ್ರ ಹಳೆಯ ಪೈಪಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಗ್ಯಾಸ್ ಮುಚ್ಚಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ರಿಪೇರಿಯವರನ್ನು ಕರೆದೆ. ಆ ದಿನ ಒಲೆ ಹಚ್ಚಲಿಲ್ಲ.