ವೈದ್ಯಕೀಯ ನಿರ್ಲಕ್ಷ್ಯ ವಿಮೆಯಲ್ಲಿ ಕೆಲಸ ಬೇಕಾ? ಮೊದಲು ಕೇಸ್ ಶೀಟ್ ಓದಲು ಕಲಿಯಿರಿ

ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ರೋಗಿ ಡಾಕ್ಟರ ಮೇಲೆ ಕೇಸ್ ಹಾಕಿದರೆ ವಕೀಲರ ಫೀಸು, ಪರಿಹಾರದ ಹಣ ಎರಡನ್ನೂ ಹೊರುವುದು ಈ ವಿಮೆ. ನಾನು ನರ್ಸ್ ಆಗಿದ್ದವಳು. ವಾರ್ಡ್ ಬಿಟ್ಟು, ಇಂಥ ಕೇಸುಗಳನ್ನು ಪರಿಶೀಲಿಸುವ ಕ್ಲೇಮ್ಸ್ ವಿಭಾಗಕ್ಕೆ ಬಂದೆ, ಇಲ್ಲೇ ಉಳಿದೆ. ಹೊಸಬರು ಹೆಚ್ಚಾಗಿ ಕೇಳುವುದು, 'ಅಂಡರ್‌ರೈಟಿಂಗ್‌ಗೆ ಹೇಗೆ ಸೇರುವುದು ಮೇಡಂ?' ಅಂತ. ಯಾರಿಗೆ ಪಾಲಿಸಿ ಕೊಡಬೇಕು, ಎಷ್ಟು ಪ್ರೀಮಿಯಂ ಅಂತ ತೀರ್ಮಾನಿಸುವ ಜಾಗ ಅದು. ಮೊದಲು ಒಂದೆರಡು ವರ್ಷ ಕ್ಲೇಮ್ಸ್‌ನಲ್ಲಿ ಕೂತು ಬನ್ನಿ ಅನ್ನುತ್ತೇನೆ ನಾನು.

ಓದಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾನೂನು, ನರ್ಸಿಂಗ್, ಫಾರ್ಮಸಿ, ಕಾಮರ್ಸ್, ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಲೆಕ್ಕದಲ್ಲಿ ಗಟ್ಟಿ ಇದ್ದವರು ಆಕ್ಚುವರಿ, ಅಂದರೆ ವಿಮೆಯ ಅಪಾಯವನ್ನು ಲೆಕ್ಕ ಹಾಕುವವರ, ಪರೀಕ್ಷೆ ಕಟ್ಟಬಹುದು. ಮಾತು ಬಲ್ಲವರಿಗೆ ಬ್ರೋಕರ್ ಕೆಲಸ ಇದೆ. ಆಸ್ಪತ್ರೆಯಲ್ಲಿ ದುಡಿದವರಿಗೆ ರಿಸ್ಕ್ ಮ್ಯಾನೇಜ್‌ಮೆಂಟ್, ಅಂದರೆ ತಪ್ಪಾಗದಂತೆ ಮೊದಲೇ ನೋಡಿಕೊಳ್ಳುವ ಕೆಲಸ, ಚೆನ್ನಾಗಿ ಒಗ್ಗುತ್ತದೆ. ವಿಮಾ ಕಂಪನಿಗಳನ್ನೇ ನೆಚ್ಚಿಕೊಳ್ಳಬೇಕಿಲ್ಲ. ಬ್ರಿಟನ್ನಿನಲ್ಲಿ 1885ರಲ್ಲೇ ಡಾಕ್ಟರುಗಳ ರಕ್ಷಣೆಗೆ ಮೆಡಿಕಲ್ ಡಿಫೆನ್ಸ್ ಯೂನಿಯನ್ ಶುರುವಾಯಿತು. ಇಂಥ ಸಂಘಗಳಲ್ಲೂ ಕ್ಲೇಮ್ಸ್ ನೋಡುವವರು ಬೇಕು.

ಇನ್ನು ಫೈಲ್. ನಿಜವಾದ ಕಲಿಕೆ ಇರುವುದು ಇಲ್ಲಿ. ಎಲ್ಲರೂ ಡಿಸ್ಚಾರ್ಜ್ ಸಮರಿಯನ್ನು ಮೊದಲು ತೆರೆಯುತ್ತಾರೆ. ನೀವು ಅದನ್ನು ಕೊನೆಗಿಡಿ. ಅದು ಎಲ್ಲ ಮುಗಿದ ಮೇಲೆ, ಮುಗಿದದ್ದು ಗೊತ್ತಿದ್ದವರು ಬರೆದದ್ದು. ನರ್ಸ್ ನೋಟ್ಸ್, ಅರಿವಳಿಕೆ ಚಾರ್ಟ್, ಲ್ಯಾಬ್ ರಿಪೋರ್ಟ್, ಔಷಧಿ ಚಾರ್ಟ್ ತೆಗೆದುಕೊಂಡು ಬರೀ ಸಮಯದ ಪ್ರಕಾರ ಒಂದು ಪಟ್ಟಿ ಮಾಡಿ. ಆಪರೇಷನ್ ಆದ ರೋಗಿಗೆ ರಾತ್ರಿ 8ರಿಂದ ನಾಡಿ ಏರುತ್ತಿದೆ, 9ಕ್ಕೆ ಬಿಪಿ ಇಳಿದಿದೆ, ಡಾಕ್ಟರಿಗೆ ಮೊದಲ ಫೋನ್ ಹೋಗಿರುವುದು 11ಕ್ಕೆ ಅಂದುಕೊಳ್ಳಿ. ಆ ನಡುವಿನ ಹೊತ್ತಿನಲ್ಲೇ ಕೇಸ್ ಕೂತಿದೆ.

ರೋಗಿಗೆ ಕೆಟ್ಟದ್ದಾಯಿತು ಅಂದಮಾತ್ರಕ್ಕೆ ನಿರ್ಲಕ್ಷ್ಯ ಆಯಿತು ಅಂತಲ್ಲ. 1957ರಲ್ಲಿ ಇಂಗ್ಲೆಂಡಿನ ಬೋಲಂ ಪ್ರಕರಣದಲ್ಲಿ ಬಂದ ಅಳತೆಗೋಲು ಇವತ್ತಿಗೂ ಹಲವು ದೇಶಗಳ ತೀರ್ಪುಗಳಲ್ಲಿ ಕಾಣುತ್ತದೆ. ಅದೇ ವಿಭಾಗದ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಈ ಚಿಕಿತ್ಸೆಯನ್ನು ಸರಿ ಅಂತ ಒಪ್ಪುತ್ತದಾ ಅನ್ನುವುದೇ ಅದರ ಪ್ರಶ್ನೆ. ತಪ್ಪಾಗಿದೆ ಅಂತ ಸಿಕ್ಕಿದ ಮೇಲೂ ಒಂದು ಮೆಟ್ಟಿಲು ಉಳಿಯುತ್ತದೆ. ಆ ತಪ್ಪಿನಿಂದಲೇ ಹಾನಿ ಆಯಿತಾ? ಕ್ಯಾನ್ಸರ್ ಪತ್ತೆ ಮೂರು ತಿಂಗಳು ತಡವಾಯಿತು ಸರಿ, ಬೇಗ ಸಿಕ್ಕಿದ್ದರೆ ಚಿಕಿತ್ಸೆ ಬೇರೆ ಇರುತ್ತಿತ್ತಾ? ಹೊಸಬರು ಎಡವುವುದು ಜಾಸ್ತಿ ಇಲ್ಲೇ.

ಡಾಕ್ಟರ ಜೊತೆಗಿನ ಮೊದಲ ಫೋನೂ ಒಂದು ವಿದ್ಯೆ. ಅವರು ಹೆದರಿರುತ್ತಾರೆ, ಹಾಗಾಗಿ ರೇಗುತ್ತಾರೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿಸಿಕೊಳ್ಳಿ. ಆಮೇಲೆ ಎರಡು ಮಾತು ಖಡಾಖಂಡಿತವಾಗಿ ಹೇಳಿ: ರೋಗಿಯ ಕಡೆಯಿಂದ ಬಂದ ನೋಟಿಸ್ ಇವತ್ತೇ ನಮಗೆ ಕಳಿಸಿ, ದಾಖಲೆಯಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಗೆಲ್ಲಬಹುದಾದ ಕೇಸನ್ನು ಆಮೇಲೆ ಸೇರಿಸಿದ ಒಂದು ಸಾಲು ಮುಳುಗಿಸಿಬಿಡುತ್ತದೆ. ಕಂಪ್ಯೂಟರಿನಲ್ಲಿರುವ ದಾಖಲೆಯನ್ನು ಯಾವಾಗ ಬದಲಿಸಿದರು ಅನ್ನುವುದೂ ಸಾಮಾನ್ಯವಾಗಿ ಅದರಲ್ಲೇ ಉಳಿದಿರುತ್ತದೆ.

ಪಾಲಿಸಿಯಲ್ಲಿ ಎರಡು ಜಾತಿ ಗೊತ್ತಿರಲೇಬೇಕು, ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ಆಪರೇಷನ್ 2019ರಲ್ಲಿ ಆಗಿ, ಕ್ಲೇಮ್ 2023ರಲ್ಲಿ ಬಂತು ಅನ್ನಿ. 'ಅಕರೆನ್ಸ್' ಪಾಲಿಸಿಯಾದರೆ 2019ರ ಪಾಲಿಸಿ ಕೊಡುತ್ತದೆ. 'ಕ್ಲೇಮ್ಸ್ ಮೇಡ್' ಆದರೆ 2023ರದ್ದು, ಅದೂ ಪಾಲಿಸಿಯ ರೆಟ್ರೋಆಕ್ಟಿವ್ ದಿನಾಂಕ (ಯಾವತ್ತಿನಿಂದ ಮಾಡಿದ ಚಿಕಿತ್ಸೆಗೆ ರಕ್ಷಣೆ ಇದೆಯೋ ಆ ದಿನ) ಆಪರೇಷನ್ನಿಗಿಂತ ಹಿಂದಿನದಾಗಿದ್ದರೆ ಮಾತ್ರ. ಕ್ಲೇಮ್ಸ್ ಮೇಡ್ ಇದ್ದ ಡಾಕ್ಟರು ನಿವೃತ್ತರಾಗುವಾಗ, ಪಾಲಿಸಿ ಮುಗಿದ ಮೇಲೆ ಬರುವ ಕ್ಲೇಮ್‌ಗಳನ್ನು ನೋಡಿಕೊಳ್ಳುವ 'ಟೇಲ್ ಕವರ್' ಬೇಕಾಗುವುದು ಇದಕ್ಕೇ. ವಕೀಲರ ಫೀಸು ಪಾಲಿಸಿಯ ಮಿತಿಯೊಳಗೆ ಬರುತ್ತದಾ ಹೊರಗಾ, ಡಾಕ್ಟರು ಒಪ್ಪದೆ ಕಂಪನಿ ರಾಜಿ ಮಾಡಿಕೊಳ್ಳಬಹುದಾ, ಇವೆರಡನ್ನೂ ನೋಡುವುದು ಅಭ್ಯಾಸವಾಗಲಿ.

ಇಷ್ಟಾದ ಮೇಲೆ ಅಂಡರ್‌ರೈಟಿಂಗ್. ಅಮೆರಿಕದಲ್ಲಿ ಒಂದು ದೊಡ್ಡ ವಿಮಾ ಸಂಸ್ಥೆಯ 1991ರಿಂದ 2005ರವರೆಗಿನ ದಾಖಲೆ ಇಟ್ಟುಕೊಂಡು 2011ರಲ್ಲಿ ಒಂದು ಅಧ್ಯಯನ ಬಂತು. ವರ್ಷಕ್ಕೆ ಶೇ. 7.4ರಷ್ಟು ಡಾಕ್ಟರುಗಳ ಮೇಲೆ ಕ್ಲೇಮ್ ಬರುತ್ತಿತ್ತು. ನ್ಯೂರೋಸರ್ಜರಿಯಲ್ಲಿ ಅದು ಶೇ. 19.1, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಶೇ. 5.2. ಒಟ್ಟು ಕ್ಲೇಮ್‌ಗಳಲ್ಲಿ ಶೇ. 78ರಷ್ಟಕ್ಕೆ ಪರಿಹಾರದ ಹಣವೇ ಹೋಗಲಿಲ್ಲ. ಆದರೂ ವಕೀಲರಿಗೆ, ತಜ್ಞರ ಅಭಿಪ್ರಾಯಕ್ಕೆ ಖರ್ಚಾಗಿಯೇ ಇರುತ್ತದೆ, ಅಲ್ವಾ? ಫೈಲ್ ನೋಡದವರು ಆ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇವತ್ತು ಹಾಕಿದ ಪ್ರೀಮಿಯಂ ಸಾಲುತ್ತದಾ ಅನ್ನುವುದೂ ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ. ಹೆರಿಗೆಯ ವೇಳೆ ಮಗುವಿಗಾದ ಹಾನಿಯ ಕ್ಲೇಮ್ ಮಗು ಶಾಲೆಗೆ ಹೋಗುವ ಹೊತ್ತಿಗೂ ಬರಬಹುದು. ಅಮೆರಿಕದ ಸೇಂಟ್ ಪಾಲ್‌ನಂಥ ದೊಡ್ಡ ವಿಮಾ ಕಂಪನಿಯೇ 2001ರಲ್ಲಿ ನಷ್ಟ ತಾಳಲಾರದೆ ಈ ವ್ಯವಹಾರ ಬಿಡುತ್ತೇವೆ ಅಂದಿತು.

ವಿಮಾ ಶಿಕ್ಷಣ ಸಂಸ್ಥೆಗಳು ನಡೆಸುವ ಪರೀಕ್ಷೆಗಳನ್ನು ಕೆಲಸದ ಜೊತೆಗೇ ಬರೆಯಿರಿ, ಬಡ್ತಿಗೆ ಬೇಕಾಗುತ್ತವೆ. ಮನಸ್ಸಿನ ಬಗ್ಗೆಯೂ ಒಂದು ಮಾತು. ದಿನವಿಡೀ ಸಾವು ನೋವಿನ ಕಾಗದ ಓದುವ ಕೆಲಸ ಇದು. ಹೆರಿಗೆ ಕೇಸುಗಳನ್ನು ಒಂದರ ಹಿಂದೊಂದು ತೆಗೆದುಕೊಳ್ಳಬೇಡಿ. ಮೇಲಿನವರಿಗೆ ನೇರವಾಗಿ ಹೇಳಿ.

ಕೆಲಸ ಕೇಳಿಕೊಂಡು ಹೋಗುವಾಗ, ಪ್ರಕಟವಾದ ಒಂದು ತೀರ್ಪನ್ನು ಆರಿಸಿಕೊಂಡು ಒಂದೇ ಪುಟದ ಟಿಪ್ಪಣಿ ಮಾಡಿ ಒಯ್ಯಿರಿ. ಮೇಲೆ ಸಮಯದ ಪಟ್ಟಿ, ಕೆಳಗೆ ಕೇಸ್ ನಡೆಸಬೇಕಾ ರಾಜಿಯಾಗಬೇಕಾ ಅನ್ನುವ ನಿಮ್ಮ ಅಭಿಪ್ರಾಯ, ಅದಕ್ಕೆ ಕಾರಣ. ಹಳೆಯ ಆಸ್ಪತ್ರೆಯ ನಿಜವಾದ ಕೇಸ್ ಶೀಟನ್ನು ಮಾದರಿ ಅಂತ ಮಾತ್ರ ತರಬೇಡಿ. ರೋಗಿಯ ಗುಟ್ಟು ಕಾಯದವರಿಗೆ ನಾವು ಫೈಲ್ ಕೊಡುವುದಿಲ್ಲ, ಇಂಟರ್‌ವ್ಯೂ ಅಲ್ಲಿಗೇ ಮುಗಿಯುತ್ತದೆ.