ಹೋದ ಟ್ರಾಮಿನ ದಾರಿ ಹುಡುಕುವುದು ಹೇಗೆ

ನಮ್ಮ ಮನೆ ಗೇಟಿನ ಎರಡೂ ಕಂಬ ಹಳೇ ರೈಲು ಕಂಬಿ. ಭದ್ರಾವತಿಯಲ್ಲಿ ಇದೇನೂ ವಿಶೇಷ ಅಲ್ಲ. ಕೊಟ್ಟಿಗೆಗೆ ತೊಲೆ, ಬೇಲಿಗೆ ಗೂಟ, ಎಲ್ಲದಕ್ಕೂ ಕಂಬಿಯೇ. ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ಕಬ್ಬಿಣ ಕಂಡರೆ ಸುಮ್ನೆ ಇರ್ತಾನಾ? ಆ ಗೇಟಿನಿಂದಲೇ ನನಗೆ ತರೀಕೆರೆ–ನರಸಿಂಹರಾಜಪುರ ಟ್ರಾಮಿನ ಹುಚ್ಚು ಹತ್ತಿತು. ಜನ ಟ್ರಾಮು ಅಂತಾರೆ, ಆದರೆ ಅದು ಪುಟ್ಟ ರೈಲು. ಎರಡು ಕಂಬಿಗಳ ನಡುವೆ ಬರೀ ಎರಡು ಅಡಿ, ಅಂದರೆ 610 ಮಿಲಿಮೀಟರ್. ಈಗ ಅದಿಲ್ಲ. ನಿಮ್ಮ ಊರಲ್ಲೂ ಇಂಥದ್ದೊಂದು ಇದ್ದು ಹೋಗಿದ್ದರೆ ಹುಡುಕೋದಕ್ಕೆ ನನ್ನ ದಾರಿ ಹೇಳ್ತೀನಿ.

ಮೊದಲು ಕಬ್ಬಿಣ ಓದಿ. ಕಂಬಿಯ ನಡುಭಾಗದಲ್ಲಿ, ತಲೆಗೂ ಪಾದಕ್ಕೂ ಮಧ್ಯೆ, ಉಬ್ಬು ಅಕ್ಷರ ಇರುತ್ತವೆ. ತಯಾರಿಸಿದ ಕಂಪನಿಯ ಹೆಸರು, ವರ್ಷ, ಕೆಲವದರಲ್ಲಿ ಗಜಕ್ಕೆ ಎಷ್ಟು ಪೌಂಡು ತೂಕ ಅಂತಲೂ ಇರುತ್ತೆ. ತಂತಿ ಬ್ರಷ್ಷಿನಿಂದ ತುಕ್ಕು ತೆಗೆಯಿರಿ, ಜೋರಾಗಿ ಉಜ್ಜಬೇಡಿ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಗುರಾಗಿ ಎಳೆದರೆ ಉಬ್ಬಿದ್ದಷ್ಟೇ ಬೆಳ್ಳಗಾಗುತ್ತೆ. ಅದೂ ಕಾಣದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಬಿಡಿ. ಅಕ್ಷರದ ನೆರಳು ಬಿದ್ದು ತಾನಾಗಿ ಎದ್ದು ಬರುತ್ತೆ.

ನಾನು ಎಡವಿದ್ದೂ ಇಲ್ಲೇ. ನಮ್ಮ ಗೇಟಿನ ಕಂಬಿಯಲ್ಲಿ 1896 ಅಂತ ಕಂಡಿತು. ಟ್ರಾಮು ಶುರುವಾದದ್ದೇ ಆ ವರ್ಷ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ರೈಲು ಹಳಿ ನೋಡಿಕೊಳ್ಳೋ ಹಳೇ ಗ್ಯಾಂಗ್‌ಮನ್ ಒಬ್ಬರು ಕೇಳಿ ನಕ್ಕುಬಿಟ್ಟರು. "ಮಾರಾಯ್ರೇ, ಬೀರೂರಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ರೈಲು ಬಂದಿದ್ದೇ 1899ರಲ್ಲಿ. ಅದಕ್ಕಿಂತ ಮೊದಲು ನಿಮ್ಮ ಟ್ರಾಮು ತರೀಕೆರೆಯಿಂದ ಹೊರಡೋದು ಹೆಂಗೆ?" ಕಂಬಿ ಮೇಲಿರೋದು ಅದನ್ನು ತಯಾರಿಸಿದ ವರ್ಷ. ಒಂದು ಲೈನಿನಿಂದ ಕಿತ್ತಿದ್ದನ್ನು ಇನ್ನೊಂದಕ್ಕೆ ಹಾಕೋದೂ ಮಾಮೂಲು. ಆಮೇಲೆ ಟೇಪು ಹಿಡಿದೆ. ಕಂಬಿಯ ಎತ್ತರ ನಾಲ್ಕು ಇಂಚು ದಾಟಿತು. ಪುಟ್ಟ ಲೈನಿನ ಕಂಬಿ ಮೂರು ಇಂಚಿನ ಆಸುಪಾಸು ಇರುತ್ತೆ. ನಮ್ಮ ಗೇಟು ಟ್ರಾಮಿನದ್ದೇ ಅಲ್ಲ, ಮೀಟರ್ ಗೇಜಿನದ್ದು, ಅಂದರೆ ಕಂಬಿಗಳ ನಡುವೆ ಒಂದು ಮೀಟರ್ ಇರೋ ದೊಡ್ಡ ಲೈನಿನದ್ದು! ಅದಕ್ಕೇ ಹೇಳೋದು, ವರ್ಷ ಓದೋ ಮೊದಲು ಎತ್ತರ ಅಳೆಯಿರಿ.

ಆಮೇಲೆ ಹಿರಿಯರ ಹತ್ತಿರ ಹೋಗಿ. ಯಾವ ವರ್ಷ ಅಂತ ಕೇಳಬೇಡಿ, ಯಾರಿಗೂ ನೆನಪಿರಲ್ಲ. "ನಿಮ್ಮ ಮದುವೆ ಹೊತ್ತಿಗೆ ಓಡ್ತಿತ್ತಾ? ಲಕ್ಕವಳ್ಳಿ ಡ್ಯಾಮ್ ಕಟ್ಟೋವಾಗ?" ಅಂತ ಕೇಳಿ. ನಾನು ಬಹಳ ಹಿಂದೆ ಮಾತಾಡಿಸಿದ ಅಜ್ಜಿಯೊಬ್ಬರಿಗೆ ಊರಿನ ಹೆಸರೂ ಸರಿಯಾಗಿ ಬರಲಿಲ್ಲ, ಆದರೆ ಎಂಜಿನ್ನಿನ ಕಿಡಿ ಹಾರಿ ಸೆರಗಿನಲ್ಲಿ ತೂತಾದದ್ದು ನೆನಪಿತ್ತು. ಎಷ್ಟು ದೊಡ್ಡ ತೂತು ಅಂತ ಬೆರಳಿಟ್ಟು ತೋರಿಸಿದರು. ಕಿಡಿ ಜಾಸ್ತಿ ಅಂದರೆ ಸೌದೆ ಉರಿಸುತ್ತಿದ್ದರೇನೋ ಅಂತ ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ.

ಇನ್ನೊಂದು ಗೊಂದಲ ಬರುತ್ತೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಿಂದ ಅದಿರು ಕರಗಿಸಿದ್ದು ಇದ್ದಿಲಿನಿಂದ. ಅದಕ್ಕೆ ಬೇಕಾದ ಮರ ಸಾಗಿಸಲು ಕಾಡಿನೊಳಗೂ ಎರಡಡಿಯ ಲೈನು ಹಾಕಿದ್ದರು. ಜನ ಅದನ್ನೂ ಟ್ರಾಮು ಅಂತಲೇ ಕರೆದರು. ಯಾವುದರ ಮಾತು ಅಂತ ತಿಳಿಯದಿದ್ದರೆ "ಟಿಕೆಟ್ ತಗೊಂಡಿದ್ರಾ?" ಅಂತ ಒಂದೇ ಪ್ರಶ್ನೆ ಕೇಳಿ. ಮರ ಸಾಗಿಸೋ ಲೈನಿಗೆ ಟಿಕೆಟ್ ಯಾಕೆ?

ಕಾಗದ ಕೊನೆಗೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೇ ಮೈಸೂರು ಸರ್ಕಾರದ ಕಡತ, ಆಡಳಿತ ವರದಿ ಇವೆ. ಈಗಿನ ಹೆಸರು ಹಿಡಿದು ಹುಡುಕಿದರೆ ಬರಿಗೈ. ಭದ್ರಾವತಿ ಹಿಂದೆ ಬೆಂಕಿಪುರ. ನರಸಿಂಹರಾಜಪುರಕ್ಕೆ ಯುವರಾಜರ ಹೆಸರು ಇಡುವ ಮೊದಲು ಅದು ಎಡೇಹಳ್ಳಿ. ಇಂಚಿಗೆ ಒಂದು ಮೈಲಿ ಅಳತೆಯ ಹಳೇ ಸರ್ವೆ ನಕ್ಷೆ ಸಿಕ್ಕರೆ ಅದೃಷ್ಟ.

ನಕ್ಷೆ ಕೈಲಿದ್ದರೆ ದಾರಿ ಕಾಣೋದು ಸುಲಭ. ರೈಲಿಗೆ ಕಡಿದಾದ ಏರು ಆಗಲ್ಲ, ಹಾಗಾಗಿ ಗುಡ್ಡದ ಮೈಗೆ ಅಂಟಿಕೊಂಡು ನಿಧಾನಕ್ಕೆ ಏರುತ್ತೆ. ತೋಟದ ನಡುವೆ ಕಾರಣವಿಲ್ಲದೆ ಸಮತಟ್ಟಾದ ಪಟ್ಟಿ, ಹೊಳೆಯೇ ಇಲ್ಲದ ಕಡೆ ಕಲ್ಲಿನ ಮೋರಿ ಕಂಡರೆ ನಿಂತು ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಮಳೆಗಾಲದಲ್ಲಿ ಗಿಡ ಮುಚ್ಚಿರುತ್ತೆ, ಉಂಬಳ ಬೇರೆ. ಲಕ್ಕವಳ್ಳಿ ಸುತ್ತಿನ ಕಾಡು 1998ರಿಂದ ಭದ್ರಾ ಹುಲಿ ಮೀಸಲಿಗೆ ಸೇರಿದೆ, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಆನೆಗೆ ಚರಿತ್ರೆ ಗೊತ್ತಿಲ್ಲ. ಕಂಬಿ ತುಂಡು ಸಿಕ್ಕರೆ ಫೋಟೋ ತೆಗೆದು, ಎತ್ತರ ಬರೆದುಕೊಂಡು, ಇದ್ದಲ್ಲೇ ಬಿಟ್ಟು ಬನ್ನಿ. ಗುಜರಿಯವರಿಗೆ ಮಾತ್ರ ಜಾಗ ಹೇಳಬೇಡಿ.