ಎಂಜಿನ್ ಕಾಯ್ದಾಗ ಮಾತ್ರ ನಿಲ್ಲುತ್ತಿದ್ದ ಅಪ್ಪನ ಯೆಜ್ಡಿ

ಅಪ್ಪನ 1984ರ ಯೆಜ್ಡಿ ಬೈಕು ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗುತ್ತಿತ್ತು. ಗಂಗಾವತಿಯಿಂದ ಕನಕಗಿರಿ ಕಡೆ ಹೊರಟರೆ ಹತ್ತು-ಹನ್ನೆರಡು ಕಿಲೋಮೀಟರ್ ಚೆಂದಾಗಿ ಓಡಿ, ಆಮೇಲೆ ಮಿಸ್ ಹೊಡೆಯುತ್ತ ನಿಂತೇಬಿಡುತ್ತಿತ್ತು. ಬೇವಿನ ಮರದ ನೆರಳಿಗೆ ತಳ್ಳಿ ಅರ್ಧ ತಾಸು ಕೂತರೆ ಮತ್ತೆ ಚಾಲೂ. ಕಳೆದ ಏಪ್ರಿಲ್ ಪೂರ್ತಿ ಇದೇ ಪಾಡು.

ಗ್ಯಾರೇಜಿಗೆ ಒಯ್ದರೆ "ಕಾರ್ಬೋರೇಟರ್‌ನ್ಯಾಗ ಕಸ ಐತಿ ತಮ್ಮಾ" ಅಂದರು. ಎಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಆ ಕಾರ್ಬೋರೇಟರನ್ನು ಬಿಚ್ಚಿ ತೊಳೆದರು, ಕಿಡಿ ಹೊತ್ತಿಸುವ ಪ್ಲಗ್ ಹೊಸದು ಹಾಕಿದರು. ಅಲ್ಲಿ ನಿಲ್ಲಿಸಿ ನೋಡಿದರೆ ಎಲ್ಲ ಸರಿ, ಯಾಕೆಂದರೆ ಅಷ್ಟೊತ್ತಿಗೆ ಎಂಜಿನ್ ಆರಿ ತಣ್ಣಗಾಗಿರುತ್ತಿತ್ತು. ಕಾಯ್ದಾಗ ಬರುವ ಕಾಟವನ್ನು ಕಾಯ್ದಾಗಲೇ ಹುಡುಕಬೇಕು ಎಂದು ಹೊಳೆದ ಮೇಲೆ, ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಸಂದಿ ಅಳೆಯುವ ಫೀಲರ್ ಗೇಜ್, ಒಂದು ಹಳೆಯ ಪ್ಲಗ್, ಟವೆಲ್ಲು ಕಟ್ಟಿಕೊಂಡು, ಅಕ್ಕನ ಮಗನನ್ನು ಹಿಂದೆ ಕೂರಿಸಿಕೊಂಡು, ಗಾಡಿ ನಿಲ್ಲಲಿ ಎಂದೇ ಮಧ್ಯಾಹ್ನ ಹೊರಟೆ.

ನಿಂತಿತು. ತಕ್ಷಣ ಪ್ಲಗ್ ಬಿಚ್ಚಿದೆ. ತುದಿ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಕಾರ್ಬೋರೇಟರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಆ ಪ್ಲಗ್ಗನ್ನು ವಾಪಸ್ ಬಿಗಿದೆ. ಪ್ಲಗ್ಗಿನ ತೂತು ತೆರೆದಿದ್ದಾಗ ಕಿಡಿ ನೋಡಲು ಹೋಗಲೇಬಾರದು, ಹೊರಬರುವ ಪೆಟ್ರೋಲ್ ಹಬೆ ಭಗ್ಗನೆ ಹತ್ತಿಕೊಳ್ಳುತ್ತದೆ. ಹಳೆಯ ಪ್ಲಗ್ಗನ್ನು ಪ್ಲಗ್ ವೈರಿನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿಟ್ಟು, ಬಿಸಿಲಿಗೆ ಟವೆಲ್ಲು ಮರೆಮಾಡಿ ಕಿಕ್ ಹೊಡೆದೆ. ನೀಲಿಯಾಗಿ ಚಟ್ ಅನ್ನಬೇಕಾದ ಕಿಡಿ ಹಳದಿ ಎಳೆಯಂತೆ ಬಂತು, ಅದೂ ಮೂರು ಕಿಕ್ಕಿಗೊಮ್ಮೆ.

ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್, ಅದು ಎಡಗಡೆ. ಕಿಡಿಗಾಗಿ ಕರೆಂಟು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು, ಅಂದರೆ ಪಾಯಿಂಟ್, ಬಲಗಡೆಯ ಕವರಿನೊಳಗೆ. ಅದಕ್ಕೇ ಹುಡುಗ ಬೇಕಾಗಿದ್ದ. ಕವರ್ ತೆಗೆದು ಅವನನ್ನು ಆ ಕಡೆ ಕೂರಿಸಿ ನಾನು ಕಿಕ್ ಹೊಡೆದೆ. "ಮಾವಾ, ಕಿಡಿ ಇಲ್ಲೇ ಸಿಡಿಯಾಕತ್ತೈತಲ್ಲ!" ಅಂದ. ನನಗೆ ಬೇಕಾದ ಉತ್ತರ ಅದೇ.

ಪಾಯಿಂಟ್ ತೆರೆದ ಕ್ಷಣ, ವೋಲ್ಟೇಜ್ ಏರಿಸುವ ಕಾಯಿಲ್ಲಿಗೆ ಹರಿಯುವ ಕರೆಂಟು ಒಮ್ಮೆಲೇ ಕಡಿಯಬೇಕು. ಹಾಗೆ ಕಡಿದರೇ ಪ್ಲಗ್ಗಿನಲ್ಲಿ ಸಾವಿರಾರು ವೋಲ್ಟಿನ ಕಿಡಿ ಹುಟ್ಟುವುದು. ಕಂಡೆನ್ಸರ್ ಆ ಹೊತ್ತಿನ ಕರೆಂಟನ್ನು ಹೀರಿಕೊಳ್ಳದಿದ್ದರೆ ಅದು ಪಾಯಿಂಟಿನ ಸಂದಿಯಲ್ಲೇ ಹಾರಿ ಹೋಗುತ್ತದೆ. ಯೆಜ್ಡಿಯ ಕಂಡೆನ್ಸರ್ ಇರುವುದು ಪಾಯಿಂಟಿನ ಪಕ್ಕದಲ್ಲೇ, ಕಾದ ಎಂಜಿನ್ನಿಗೆ ಅಂಟಿಕೊಂಡು. ಒಳಗಿನ ಇನ್ಸುಲೇಶನ್ ಹಳತಾದರೆ ಬಿಸಿಗೆ ಸೋರುತ್ತದೆ, ಆರಿದರೆ ಸುಧಾರಿಸುತ್ತದೆ. ಪಾಯಿಂಟಿನ ಗ್ಯಾಪ್ ಅಳೆದೆ, 0.4 ಮಿಲಿಮೀಟರ್, ಸರಿಯಾಗಿಯೇ ಇತ್ತು. ಪಾಯಿಂಟಿನ ಮುಖ ಮಾತ್ರ ಕರಿ ಹಿಡಿದು ಗುಳಿ ಬಿದ್ದಿತ್ತು. ನುಣುಪು ಪಾಲಿಶ್ ಪೇಪರಿನಿಂದ ಉಜ್ಜಿ ಬಟ್ಟೆಯಿಂದ ಒರೆಸಿದೆ.

ಹೊಸ ಕಂಡೆನ್ಸರ್ ತಂದು ಅದೇ ಜಾಗದಲ್ಲಿ ಹಾಕಿದೆ. ನಾಲ್ಕೇ ದಿನ, ಮತ್ತದೇ ಕಾಟ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅಸಲಿ ಬಿಡಿಭಾಗ ಅಪರೂಪ, ನಕಲಿಗಳು ಆ ಬಿಸಿ ತಡೆಯುವುದಿಲ್ಲ. ಹಾಗಾಗಿ ಎರಡನೆಯ ಹೊಸ ಕಂಡೆನ್ಸರನ್ನು ಎಂಜಿನ್ನಿಂದ ದೂರ, ಕಾಯಿಲ್ಲಿನ ಹತ್ತಿರ ಫ್ರೇಮಿಗೆ ಬೋಲ್ಟ್ ಹಾಕಿ ಕೂರಿಸಿದೆ. ಪಾಯಿಂಟಿನಿಂದ ಬರುವ ವೈರು ಕಾಯಿಲ್ಲಿನ ಯಾವ ತುದಿಗೆ ಸೇರುತ್ತದೋ ಅದೇ ತುದಿಗೆ ಕಂಡೆನ್ಸರಿನ ವೈರು. ಸರ್ಕೀಟು ಅದೇ, ಜಾಗ ಮಾತ್ರ ಬೇರೆ. ಮೊದಲ ಸಲ ಪೇಂಟಿನ ಮೇಲೆಯೇ ಬಿಗಿದೆ, ಫ್ರೇಮಿನ ಲೋಹದ ಸಂಪರ್ಕ, ಅಂದರೆ ಅರ್ಥ್, ಸಿಗಲಿಲ್ಲ, ಗಾಡಿ ಚಾಲೂ ಆಗಲೇ ಇಲ್ಲ. ಒಂದು ಸಂಜೆ ಅದರಲ್ಲೇ ಹೋಯಿತು. ಪೇಂಟ್ ಕೆರೆದು ಬಿಳಿ ಲೋಹಕ್ಕೆ ಬಿಗಿದ ಮೇಲೆ ಕಿಡಿ ನೀಲಿಯಾಯಿತು.

ಮೇ ತಿಂಗಳ ನಡುಮಧ್ಯಾಹ್ನ ಅಪ್ಪನನ್ನು ಕೂರಿಸಿಕೊಂಡು ಕನಕಗಿರಿಗೆ ಹೋಗಿ ಬಂದೆ, ಎಲ್ಲೂ ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಕವರ್ ತೆಗೆದು ಪಾಯಿಂಟ್ ನೋಡುತ್ತೇನೆ. ಮೊದಲಿನ ಹಾಗೆ ಕರಿ ಹಿಡಿಯುತ್ತಿಲ್ಲ.